ವೈಫೈ ಡಬ್ಬಿಯ ಹಿಂದಿನ ತೂತು

ಪುಟ್ಟಿ, ಗುಂಡ,

ನಿಮ್ಮನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಶಾಲೆಯ ಹೆಸರುಗಳು ದೊಡ್ಡವು. ಅವನ್ನು ಬರೆದರೆ ಯಾರೋ ಬೇರೆಯವರ ಮಕ್ಕಳಿಗೆ ಬರೆದಂತಾಗುತ್ತದೆ. ನಾನು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಲು ಇವತ್ತಿಗೂ ನಾಲಿಗೆ ಏಳುವುದಿಲ್ಲ. ಲಿಫ್ಟಿನಲ್ಲಿ ಯಾರಾದರೂ 'ಊಟ ಆಯ್ತಾ ಆಂಟಿ' ಎಂದರೆ ಸೆರಗು ಸರಿಮಾಡಿಕೊಂಡು ತಲೆಯಾಡಿಸುತ್ತೇನೆ, ನೀವಿಬ್ಬರೂ ನಗುತ್ತೀರಿ. ಹೇಳಲಾಗದವಳು ಬರೆಯಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮನ ವರ್ಷದ ಪೂಜೆಗೆ ನೆಂಟರು ಬಂದಿದ್ದರಲ್ಲ, ಆವತ್ತು ಅಡುಗೆಮನೆಯಲ್ಲಿ ಒಬ್ಬರು, ನಾನು ಅಲ್ಲೇ ಅಕ್ಕಿ ಡಬ್ಬದ ಹಿಂದೆ ಕೂತಿರುವುದನ್ನು ನೋಡದೆ, 'ಅತ್ತೆ ಆ ವೈಫೈ ಡಬ್ಬಿ ಮುಟ್ಟದೇ ಇದ್ದಿದ್ರೆ ಸೊಸೆ ಇನ್ನೊಂದಿಷ್ಟು ದಿನ ಇರ್ತಿದ್ಲು ಪಾಪ' ಎಂದರು. ಪುಟ್ಟಿ, ನೀನು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಖ ನೋಡಿದೆ. ಏನೂ ಕೇಳದೆ ಹೋಗಿಬಿಟ್ಟೆ. ನೀನು ಕೇಳದಿದ್ದ ಆ ಮಾತಿಗೆ ಇದು ಉತ್ತರ. ಗುಂಡ ದೊಡ್ಡವನಾದ ಮೇಲೆ ಅವನಿಗೂ ಓದಿ ಹೇಳು.

ನಿಮ್ಮ ತಾತ ಹೋದ ಮೇಲೆ ನಾನು ದಾವಣಗೆರೆ ಕಡೆಯ ನಮ್ಮ ಊರು ಬಿಟ್ಟು ಈ ಸಿಂಗಸಂದ್ರದ ಫ್ಲ್ಯಾಟಿಗೆ ಬಂದೆ. ನಿಮ್ಮಪ್ಪ ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿ ಕೆಲಸಕ್ಕಿದ್ದ. ನಿಮ್ಮಮ್ಮ ಜಿಗಣಿ ರಸ್ತೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಬೆಳಿಗ್ಗೆ ಇಬ್ಬರಿಗೂ ಬುತ್ತಿ ಕಟ್ಟಿ, ನಿಮ್ಮಿಬ್ಬರನ್ನು ವ್ಯಾನಿಗೆ ಹತ್ತಿಸಿ ಬಂದರೆ ಮನೆ ನನ್ನದಾಗುತ್ತಿತ್ತು. ಒರೆಸುವುದು, ಗುಡಿಸುವುದು. ದೇವರ ಗೂಡಿನ ಪಕ್ಕದ ಕಪಾಟಿನ ಮೇಲೆ ಎರಡು ಕೊಂಬಿನ ವೈಫೈ ಡಬ್ಬಿ ಇತ್ತು. ಅದನ್ನೂ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಆಯುಧಪೂಜೆಯ ದಿನ ಸ್ಕೂಟರಿಗೆ, ಮಿಕ್ಸಿಗೆ, ಇಳಿಗೆಮಣೆಗೆ ಹಚ್ಚಿದ ಹಾಗೆ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಒಂದು ಸೇವಂತಿಗೆ ಇಟ್ಟಿದ್ದೆ. ನಿಮ್ಮಮ್ಮ ನಕ್ಕಿದ್ದಳು. 'ಅತ್ತೆ, ಇನ್ಮೇಲೆ ಇದು ಕೆಡೋದೇ ಇಲ್ಲ ಬಿಡಿ, ಶಿವನೇ ನೋಡ್ಕೋತಾನೆ' ಎಂದಿದ್ದಳು.

ಅವಳಿಗೆ ಕಾಯಿಲೆ ಬಂದದ್ದು ನಿಮಗೆ ಗೊತ್ತು. ಅದರ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ. 'ಆ ಕಾಯಿಲೆ' ಎಂದು ಹೇಳಿ ಮಾತು ನಿಲ್ಲಿಸುತ್ತಾರೆ. ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಡ್ರಿಪ್ಪು. ಕೂದಲು ಹೋಯಿತು. ರಕ್ತದಲ್ಲಿ ಶಕ್ತಿ ಇಲ್ಲ, ಮಕ್ಕಳು ಶಾಲೆಯಿಂದ ನೆಗಡಿ ಕೆಮ್ಮು ತರುತ್ತಾರೆ, ದೂರ ಇಡಿ ಎಂದು ಡಾಕ್ಟರು ಹೇಳಿದರು. ಅವಳು ಚಿಕ್ಕ ಕೋಣೆಗೆ ಹೋದಳು. ನೀವಿಬ್ಬರೂ ಹಾಲಿನಲ್ಲಿ ನನ್ನ ಎರಡು ಮಗ್ಗುಲಿಗೆ ಬಂದಿರಿ.

ಹೊಸ್ತಿಲು ದಾಟಬಾರದು ಎಂಬ ನಿಯಮವನ್ನು ಅವಳೇ ಮಾಡಿದ್ದು. ಗುಂಡ, ನೀನು ಕಾಲಿನ ಹೆಬ್ಬೆರಳನ್ನು ಸರಿಯಾಗಿ ಹೊಸ್ತಿಲಿನ ಗೆರೆಗೆ ಮುಟ್ಟಿಸಿ ನಿಲ್ಲುತ್ತಿದ್ದೆ, ಅದಕ್ಕಿಂತ ಒಂದು ಕೂದಲೂ ಮುಂದಲ್ಲ. ನಿನ್ನ ಆಟದ ಕಾರನ್ನು ಒಳಕ್ಕೆ ಓಡಿಸುತ್ತಿದ್ದೆ. ಅವಳು ಮಂಚದ ಮೇಲಿನಿಂದಲೇ ಬಟ್ಟೆ ಒಣಹಾಕುವ ಕೋಲಿನಲ್ಲಿ ಅದನ್ನು ತಿರುಗಿಸಿ ನಿನ್ನ ಕಡೆಗೆ ನೂಕುತ್ತಿದ್ದಳು. ನೀನು ಹಟ ಮಾಡಿದಾಗ, 'ಇನ್ನೊಂದು ತಿಂಗಳು ಕಣೋ. ಆಮೇಲೆ ನನ್ನ ಮೇಲೇ ಬಿದ್ಕೊಂಡು ಮಲಗು. ನಾನೇನಾದ್ರೂ ಬೇಡ ಅಂದ್ರೆ ಕೇಳು' ಎನ್ನುತ್ತಿದ್ದಳು. ಪುಟ್ಟಿ ಹೊಸ್ತಿಲಾಚೆಯಿಂದ ಪುಸ್ತಕ ಎತ್ತಿ ಹಿಡಿಯುತ್ತಿದ್ದಳು, ನಿಮ್ಮಮ್ಮ ಕಣ್ಣು ಕಿರಿದು ಮಾಡಿ ಲೆಕ್ಕದ ತಪ್ಪು ಹುಡುಕುತ್ತಿದ್ದಳು.

ಡ್ರಿಪ್ಪುಗಳೆಲ್ಲ ಮುಗಿದ ಮೇಲೆ ಒಂದು ಸ್ಕ್ಯಾನ್ ಆಯಿತು. ನಿಮ್ಮಪ್ಪ ಅವಳನ್ನು ಕರೆದುಕೊಂಡು ಹೋಗಿ ಬಂದ. ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಮಾತಾಡಿದರಂತೆ, ಅವಳು ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದಳಂತೆ. ಅವನು ಹೊರಗೆ ಬಂದು 'ಎಲ್ಲಾ ಕ್ಲಿಯರ್ ಅಂತೆ, ಇನ್ನು ಬರೀ ನಿಶ್ಶಕ್ತಿ' ಎಂದನಂತೆ. ಮನೆಗೆ ಬಂದು ನನಗೂ ಅದನ್ನೇ ಹೇಳಿದ. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅವನು ಆ ದೀಪದ ಕಡೆ ನೋಡದೆ ಸ್ನಾನಕ್ಕೆ ಹೋದ. ಆಗ ನನಗೆ ಅದು ಹೊಳೆಯಲಿಲ್ಲ.

ಬೇಸಿಗೆ ರಜೆ ಕಳೆದು ಜೂನ್‌ನಲ್ಲಿ ಶಾಲೆ ಶುರುವಾದಾಗ ಕೆಲಸಕ್ಕೆ ಹೋಗಬೇಕು ಎಂದು ನಿಮ್ಮಮ್ಮ ದಿನ ಎಣಿಸುತ್ತಿದ್ದಳು. ಶಾಲೆಯವರು ಕೊನೆಯ ರಿಪೋರ್ಟಿನ ಪ್ರತಿ ಕಳಿಸಿ ಎಂದು ಕೇಳಿದ್ದರು. ಆಸ್ಪತ್ರೆಯಿಂದ ಅವಳ ಫೋನಿಗೆ ಸಂದೇಶ ಬಂದಿತ್ತು, ಅದನ್ನು ಒತ್ತಿದರೆ ರಿಪೋರ್ಟು ಬರಬೇಕು. ಅವಳು ಒತ್ತಿದಳು. ಬಿಳಿಯ ಪರದೆ ಬಂತು, ನಡುವೆ ಒಂದು ಉಂಗುರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು.

'ಅತ್ತೆ, ಆ ಡಬ್ಬಿ ಆಫ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ.'

ಮಾಡಿದೆ. ದೀಪಗಳು ಒಂದೊಂದಾಗಿ ಹತ್ತಿದವು.

'ಕೆಂಪು ಬಂತಾ, ಹಸಿರು ಬಂತಾ?'

'ಎಲ್ಲಾ ಹಸಿರೇ ತಾಯಿ.'

ಮತ್ತೆ ಒತ್ತಿದಳು. ಮತ್ತೆ ಉಂಗುರ. ಅಡುಗೆ ವಿಡಿಯೊ ಹಾಕಿ ನೋಡಿದಳು, ಯಾರೋ ಹೆಂಗಸು ತಕ್ಷಣ ಬಂದು ಈರುಳ್ಳಿ ಹೆಚ್ಚತೊಡಗಿದಳು. ಧಾರಾವಾಹಿ ಬಂತು. ಪುಟ್ಟಿಯ ಶಾಲೆಯ ಪುಟ ಬಂತು. ಆಸ್ಪತ್ರೆಯದು ಮಾತ್ರ ಬರಲಿಲ್ಲ. ತಾನು ನುಂಗುತ್ತಿದ್ದ ಹೊಸ ಮಾತ್ರೆಯ ಹೆಸರು ಬರೆದು ಹುಡುಕಿದಳು. ಹೆಸರುಗಳ ಸಾಲು ಬಂತು, ಯಾವುದನ್ನು ಒತ್ತಿದರೂ ಉಂಗುರವೇ. ಡಬ್ಬಿ ದೂರ ಆಯಿತೇನೋ ಎಂದು ನಾನು ಅವಳ ಫೋನು ಹಿಡಿದು ಹಾಲಿಗೆ ಹೋಗಿ, ದೇವರ ಗೂಡಿನ ಮುಂದೆ ಎತ್ತಿ ಹಿಡಿದು ನಿಂತೆ. 'ಅತ್ತೆ, ಮಂಗಳಾರತಿ ಮಾಡ್ತಿದ್ದೀರಾ?' ಎಂದು ಒಳಗಿನಿಂದ ಅವಳು ನಕ್ಕ ಸದ್ದು ಇನ್ನೂ ಕಿವಿಯಲ್ಲಿದೆ.

ಅವಳ ಫೋನಿನಲ್ಲಿ ಬೇರೆ ನೆಟ್ಟು ಇರಲಿಲ್ಲ. 'ಮನೇಲೇ ಇರ್ತೀಯಲ್ಲ, ವೈಫೈ ಸಾಕು' ಎಂದು ನಿಮ್ಮಪ್ಪ ಬರೀ ಮಾತಾಡುವ ರೀಚಾರ್ಜ್ ಹಾಕಿಸಿದ್ದ. ನನ್ನದು ಗುಂಡಿಯ ಫೋನು. ಸಂಜೆ ಅವನು ಬಂದಾಗ ಅವಳು ಹೇಳಿದಳು. 'ಹಳೇ ಡಬ್ಬಿ, ಬದಲಾಯಿಸಬೇಕು. ರಿಪೋರ್ಟು ನಾನೇ ತರ್ತೀನಿ ಬಿಡು' ಎಂದ. ತರಲಿಲ್ಲ. ಅವಳು ಮತ್ತೆ ಕೇಳಿದಳು. ಕೌಂಟರಿನಲ್ಲಿ ಜನ ಇದ್ದರು, ಪ್ರಿಂಟರ್ ಕೆಟ್ಟಿತ್ತು, ಬಸ್ಸು ತಡವಾಯಿತು. ದಿನಕ್ಕೊಂದು ಬಂತು. ಕೊನೆಗೆ ಅವಳು ಅವನಿಗೆ ಹೇಳದೆ ನೆಟ್ಟಿನ ಕಂಪನಿಗೆ ತಾನೇ ಫೋನು ಮಾಡಿ ದೂರು ಕೊಟ್ಟಳು.

ಬಂದಾತ ಆನೇಕಲ್ ಕಡೆಯ ನಡುವಯಸ್ಸಿನವನು. ಹೆಲ್ಮೆಟ್ಟನ್ನು ಸೋಫಾದ ಮೇಲಿಟ್ಟು, ಬೆವರು ಒರೆಸಿಕೊಂಡು, ಕುರ್ಚಿ ಕೇಳಿದ. ಮಧ್ಯಾಹ್ನದ ಮಾತ್ರೆ ನುಂಗಿ ನಿಮ್ಮಮ್ಮ ಮಲಗಿದ್ದಳು, ಬಾಗಿಲು ಅರ್ಧ ಮುಚ್ಚಿತ್ತು. ನಾನು ಗೋಡೆಗೆ ಅಂಟಿಕೊಂಡು ನಿಂತೆ.

'ಯಾವ್ದು ಓಪನ್ ಆಗಲ್ಲ ಅಂದಿದ್ರಿ?'

'ಆಸ್ಪತ್ರೆದು' ಎಂದೆ.

ಅವನು ತಂತಿ ಕಿತ್ತು ನೋಡಿದ, ಮತ್ತೆ ಸಿಕ್ಕಿಸಿದ. ತನ್ನ ಫೋನು ತೆಗೆದ. 'ಲೈನು ಸಕ್ಕತ್ತಾಗೈತೆ ಅಮ್ಮ. ಇಲ್ನೋಡಿ, ನನ್ ಸಿಮ್ಮಲ್ಲಿ ಹಾಕಿದ್ರೆ ಇಂಗೆ ಬತ್ತದೆ. ನಿಮ್ ವೈಫೈಗೆ ಹಾಕ್ಕಂಡ್ರೆ ಅಂಗೇ ಸುತ್ತತಾ ಕುಂತ್ಕತದೆ.' ಏನೇನೋ ಬರೆದು ನೋಡಿದ. 'ಆಸ್ಪತ್ರೆ ಒಂದೇ ಅಲ್ಲ, ಕಾಯಿಲೆ ಕಸಾಲೆ ಬಗ್ಗೆ ಇರೋವೆಲ್ಲ ಬಂದ್. ಯಾರೋ ಡಬ್ಬಿ ಒಳಗಡೆ ಬೀಗ ಹಾಕವ್ರೆ.'

'ಬೀಗ ಅಂದ್ರೆ?'

'ಮಕ್ಳು ಕೆಟ್ಟುದ್ದು ನೋಡ್ದಿರ್ಲಿ ಅಂತ ಹಾಕ್ತಾರಲ್ಲ. ಇಲ್ಲಿ ಬೊಮ್ಮಸಂದ್ರ ಫ್ಯಾಕ್ಟ್ರಿಗಳಲ್ಲೂ ಹಾಕ್ತಾರೆ, ಡ್ಯೂಟಿ ಟೈಮಲ್ಲಿ ಸಿನಿಮಾ ನೋಡ್ತಾರೆ ಅಂತ. ಆಸ್ಪತ್ರೆಗೆ ಬೀಗ ಹಾಕಿದ್ದು ಮಾತ್ರ ನಾನೂ ಇದೇ ಮೊದಲು ನೋಡ್ತಿರೋದು.' ಡಬ್ಬಿಯ ಒಳಗೆ ಹೋಗಲು ನೋಡಿದ. 'ಪಾಸ್‌ವರ್ಡ್ ಬದಲಾಯಿಸವ್ರೆ. ಸಾರ್‌ನ ಕೇಳ್ರಿ. ಇಲ್ಲಾಂದ್ರೆ ಎಲ್ಲಾ ಅಳಿಸಿ ಮೊದಲಿಂದ ಮಾಡ್ಬೇಕು. ಅದಕ್ಕೂ ಸಾರ್ ಫೋನಿಗೇ ಓಟಿಪಿ ಬತ್ತದೆ.' ಹೊರಡುವಾಗ ಡಬ್ಬಿ ತಿರುಗಿಸಿ ಹಿಂದಿನ ಒಂದು ಸಾಸಿವೆ ಗಾತ್ರದ ತೂತು ತೋರಿಸಿದ. 'ಇದ್ರೊಳಕ್ಕೆ ಪಿನ್ನು ಗಿನ್ನು ಹಾಕಿ ಒತ್ತಿಬಿಟ್ಟೀರ. ಒತ್ತಿದ್ರೆ ಬೀಗನೂ ಹೋಯ್ತದೆ, ನೆಟ್ಟೂ ಹೋಯ್ತದೆ.'

ಆ ಡಬ್ಬಿಯ ಪಾಸ್‌ವರ್ಡ್ ಗೊತ್ತಿದ್ದವನು ಮನೆಯಲ್ಲಿ ಒಬ್ಬನೇ. ಅವನ ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳಿಗೆ ಇಂಥ ಬೀಗ ಹಾಕುವವರ ಜೊತೆ ಅವನು ದಿನಾ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದ. ಆತ ತಿರುಗಿಸಿಟ್ಟ ಡಬ್ಬಿಯನ್ನು ಮತ್ತೆ ನೆಟ್ಟಗೆ ಇಟ್ಟೆ. ಒಳಗಿನಿಂದ ನಿಮ್ಮಮ್ಮ, 'ಏನಂತೆ ಅತ್ತೆ?' ಎಂದಳು. 'ಇನ್ನೊಂದ್ಸಲ ಬಂದು ನೋಡ್ತಾರಂತೆ' ಎಂದೆ.

ಸಂಜೆ ಅವನು ಬಂದು ಬಾಲ್ಕನಿಯಲ್ಲಿ ಶೂ ಬಿಚ್ಚುತ್ತಿದ್ದಾಗ ನಾನು ಒಗೆದ ಬಟ್ಟೆ ತೆಗೆಯುವ ನೆಪದಲ್ಲಿ ಹೋಗಿ ಪಕ್ಕದಲ್ಲಿ ನಿಂತೆ. ಕೆಳಗೆ ಹೊಸೂರು ರಸ್ತೆಯಲ್ಲಿ ಫ್ಯಾಕ್ಟರಿ ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರನ್ ಹೊಡೆಯುತ್ತಿದ್ದವು.

'ಡಬ್ಬಿಗೆ ಬೀಗ ಹಾಕಿದೋನು ನೀನೇನೋ?'

ಅವನು ಒಂದು ಶೂ ಕೈಯಲ್ಲಿ ಹಿಡಿದೇ ಕೂತ. 'ಎಲ್ಲಾ ಕಡೆ ಹರಡಿದೆಯಂತವ್ವ. ಇನ್ನು ಔಷಧಿ ಬೇಡ, ಮನೇಲಿ ನೆಮ್ಮದಿಯಾಗಿ ನೋಡ್ಕೊಳ್ಳಿ ಅಂದ್ರು' ಎಂದ.

'ನನಗೂ ಹೇಳಲಿಲ್ಲವಲ್ಲೋ.'

'ನಿನ್ನ ಮುಖ ನೋಡಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ನಿನಗೆ ಮುಚ್ಚಿಡೋಕೆ ಬರಲ್ಲ.'

'ಮಕ್ಕಳನ್ನಾದ್ರೂ ಹತ್ರ ಬಿಡೋ. ಇನ್ಯಾತಕ್ಕೆ ಆ ಹೊಸ್ತಿಲು?'

'ಬಿಟ್ರೆ ಯಾಕೆ ಅಂತ ಕೇಳ್ತಾಳೆ. ಅವಳೇ ಒಂದು ತಿಂಗಳು ಅಂತ ಎಣಿಸ್ತಾ ಇದಾಳೆ. ಎಣಿಸ್ಲಿ ಬಿಡವ್ವ. ಓದಿದ್ರೆ ಆವತ್ತೇ ಅರ್ಧ ಹೋಗಿಬಿಡ್ತಾಳೆ.' ಆಮೇಲೆ, ನನ್ನನ್ನು ಸಮಾಧಾನ ಮಾಡಲೆಂದೇ, ಮೆಲ್ಲಗೆ ಹೇಳಿದ: 'ಅಪ್ಪಂಗೂ ಹಿಂಗೇ ಮಾಡಿದ್ವಲ್ಲ. ಏನೂ ಗೊತ್ತಾಗದೆ ನೆಮ್ಮದಿಯಾಗಿ ಹೋದ್ರು.'

ಮಕ್ಕಳೇ, ಆ ಮಾತು ಹೇಳುವವರೆಗೂ ನಿಮ್ಮ ತಾತನ ವಿಷಯ ಇವನಿಗೆ ಮೊದಲೇ ಗೊತ್ತಿತ್ತೆಂದು ನನಗೆ ತಿಳಿದಿರಲಿಲ್ಲ.

ನಿಮ್ಮ ತಾತನಿಗೆ ಕಾಮಾಲೆ ಎಂದು ನನಗೆ ಹೇಳಿದ್ದರು. ದೊಡ್ಡ ಆಸ್ಪತ್ರೆಯಿಂದ ಮನೆಗೆ ಕರೆತಂದು, 'ಪಥ್ಯ ಮಾಡಿಸು, ವಾಸಿಯಾಗುತ್ತೆ' ಎಂದರು ಮೈದುನಂದಿರು. ನಾನು ಪಥ್ಯ ಮಾಡಿಸಿದೆ. ಉಪ್ಪಿಲ್ಲದ ಗಂಜಿ, ನೆಲನೆಲ್ಲಿ ಕಷಾಯ. ಅವರಿಗೆ ಮಂಡಕ್ಕಿ ಒಗ್ಗರಣೆ, ಅದರ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ಎಂದರೆ ಪ್ರಾಣ. ಒಂದು ಸಂಜೆ ಬೀದಿಯಲ್ಲಿ ಎಣ್ಣೆ ವಾಸನೆ ಬಂದಾಗ, 'ಒಂದೇ ಒಂದು ಹಿಡಿ ಮಂಡಕ್ಕಿ ಕೊಡೇ' ಎಂದರು. ನಾನು ಗಂಜಿ ಬಟ್ಟಲು ಮುಂದೆ ಹಿಡಿದು, 'ವಾಸಿಯಾಗ್ಲಿ, ಒಂದು ಪಡಿ ಮಾಡಿ ಹಾಕ್ತೀನಿ, ಊರಿಗೆಲ್ಲ ಹಂಚಿ' ಎಂದೆ. ಅವರು ಮಗುವಿನ ಹಾಗೆ ಗಂಜಿ ಕುಡಿದರು. ಅದಾದ ಕೆಲವೇ ದಿನಕ್ಕೆ ಹೋಗಿಬಿಟ್ಟರು. ವಿಭೂತಿ ಹಚ್ಚಿ ಕೂರಿಸಿದ್ದ ಅವರ ಮುಂದೆ, ಮೈದುನಂದಿರು ಬಂದವರಿಗೆಲ್ಲ 'ಡಾಕ್ಟರು ಮೊದ್ಲೇ ಹೇಳಿದ್ರು' ಎನ್ನುತ್ತಿದ್ದರು. ಬಂದವರೆಲ್ಲ ತಲೆಯಾಡಿಸಿದರು, ಅವರಿಗೂ ಗೊತ್ತಿತ್ತು. ಮನೆಯ ಒಳಗೆ ಗಂಜಿ ಕಾಯಿಸುತ್ತಿದ್ದವಳಿಗೆ, ಗಂಜಿ ಕುಡಿಯುತ್ತಿದ್ದವರಿಗೆ ಮಾತ್ರ ಗೊತ್ತಿರಲಿಲ್ಲ. ನಮ್ಮ ಕಡೆ ಇದೇ ರೀತಿ. ಸಾಯುವವರಿಗೆ ಹೇಳಬಾರದು. ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ.

ನನ್ನ ಮಗನ ಮುಖ ನೋಡಿದೆ. ಬಡವಾಗಿಹೋಗಿದ್ದ. ಸ್ಕ್ಯಾನ್ ಆದ ದಿನದಿಂದ ಅವನು ದಿನಾ ಎಳನೀರು ತರುತ್ತಿದ್ದ, ಕೋಣೆಗೆ ಹೋಗುವ ಮೊದಲು ಬಾಗಿಲ ಹೊರಗೆ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ಬೆವರು ಎಂದುಕೊಂಡಿದ್ದೆ. ಬಯ್ಯಬೇಕೆಂದಿದ್ದವಳಿಗೆ ಬಯ್ಯಲು ಆಗಲಿಲ್ಲ. ಬಟ್ಟೆ ಮಡಿಚಿಕೊಂಡು ಒಳಗೆ ಬಂದೆ.

ಮರುದಿನ ಅವನು ಬಸ್ಸು ಹತ್ತಿ ಹೋದ. ನಿಮ್ಮನ್ನು ವ್ಯಾನಿಗೆ ಹತ್ತಿಸಿ ಬಂದೆ. ಅದಕ್ಕೆ ಮುಂಚೆ ಗುಂಡ ಗೆರೆಯ ಮೇಲೆ ಹೆಬ್ಬೆರಳಿಟ್ಟು ಅಮ್ಮನಿಗೆ ಟಾಟಾ ಮಾಡಿದ್ದ. ಅವಳು ಕೋಲಿನ ತುದಿಯಿಂದ ಅವನ ಹೊಟ್ಟೆಗೆ ಕಚಗುಳಿ ಇಟ್ಟಿದ್ದಳು.

ನಾನು ಮಂಚದ ಬಳಿ ಹೋಗಿ ಕೂತೆ. ಹೇಳಬೇಕು ಎಂದುಕೊಂಡೇ ಕೂತೆ. 'ಏನತ್ತೆ?' ಎಂದಳು. 'ಏನಿಲ್ಲ ತಾಯಿ' ಎಂದೆ. ಅವಳ ತಲೆಯ ಮೇಲೆ ಹೊಸದಾಗಿ ಬರುತ್ತಿದ್ದ ಕೂದಲು ಹತ್ತಿಯ ಹಾಗಿತ್ತು. ಕೈಯಾಡಿಸಿದೆ. ಎದ್ದು ಹಾಲಿಗೆ ಬಂದು ಡಬ್ಬಿ ಇಳಿಸಿದೆ. ನಾನೇ ಎಳೆದಿದ್ದ ವಿಭೂತಿಯ ಗೆರೆ ಮಾಸಿ ಮಾಸಿ ಅದರ ನೆತ್ತಿಯಲ್ಲಿ ಇನ್ನೂ ಇತ್ತು. ಸೆರಗಿನ ಪಿನ್ನು ಬಿಚ್ಚಿ ಆ ತೂತಿನೊಳಗೆ ಇಟ್ಟು ಒತ್ತಿ ಹಿಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ದೀಪಗಳೆಲ್ಲ ಒಮ್ಮೆಗೇ ಆರಿದವು.

ಕೋಣೆಯಲ್ಲಿ ಅವಳ ಫೋನಿನ ಹಾಡು ನಿಂತಿತು. 'ಅತ್ತೆ, ನೆಟ್ ಹೋಯ್ತು ನೋಡಿ.'

'ನಾನೇ ತೆಗೆದೆ.'

'ಯಾಕೆ?'

ಪಿನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಿದಳು. ನಿಮ್ಮಪ್ಪ ಹೇಳಿದ್ದು ಸರಿ, ನನಗೆ ಮುಚ್ಚಿಡಲು ಬರುವುದಿಲ್ಲ. ಅವಳು ಲೆಕ್ಕದ ಟೀಚರು, ಬರೆದದ್ದನ್ನು ನೋಡಿ ಬರೆಯದ ಸಾಲು ಹುಡುಕುವವಳು. ಆಸ್ಪತ್ರೆಯ ಪುಟ, ಮಾತ್ರೆಯ ಪುಟ, ತಾರದೆ ಉಳಿದ ರಿಪೋರ್ಟು, ಎಲ್ಲ ಒಂದೊಂದಾಗಿ ಅವಳ ಕಣ್ಣಿನಲ್ಲಿ ಕೂಡಿಕೊಳ್ಳುವುದನ್ನು ನಾನು ನಿಂತು ನೋಡಿದೆ.

'ಹೇಳಿ ಅಂತ ನಿಮ್ಮನ್ನ ಕೇಳಲ್ಲ ಅತ್ತೆ' ಎಂದಳು. 'ಆ ನೆಟ್ಟಿನ ಮನುಷ್ಯನ್ನ ಕರೆಸಿ. ನಾನೇ ಓದ್ಕೋತೀನಿ.'

ಆತ ಬಂದ. 'ಒತ್ಬೇಡಿ ಅಂತ ತೋರ್ಸಿದ್ರೆ, ಒತ್ತೋದು ಹೆಂಗೆ ಅಂತ ತೋರ್ಸ್ದಂಗಾಯ್ತಲ್ಲಮ್ಮ' ಎಂದು ಗೊಣಗಿದ. ತನ್ನ ಫೋನಿನಲ್ಲಿ ಏನೋ ಒತ್ತಿ, 'ಸಾರ್‌ಗೆ ಓಟಿಪಿ ಹೋಗೈತೆ. ಕೇಳಿ ಹೇಳ್ರಿ' ಎಂದ. ಫ್ಯಾಕ್ಟರಿಯಲ್ಲಿ ಕೆಲಸದ ಜಾಗಕ್ಕೆ ಫೋನು ಒಯ್ಯುವಂತಿಲ್ಲ, ಎಲ್ಲರದ್ದೂ ಲಾಕರಿನಲ್ಲಿ ಇರುತ್ತದೆ. ನಾನು ಮತ್ತೆ ಮತ್ತೆ ಕರೆ ಮಾಡಿದೆ. ಅದು ಕತ್ತಲ ಪೆಟ್ಟಿಗೆಯಲ್ಲಿ ಸುಮ್ಮನೆ ಬಡಿದುಕೊಂಡಿರಬೇಕು. ಆತ ಪಕ್ಕದ ಬ್ಲಾಕಿನಲ್ಲಿ ಇನ್ನೊಂದು ಮನೆಯ ಕೆಲಸ ಮುಗಿಸಿ ಬರುವುದಾಗಿ ಹೋದ. ನಿಮ್ಮಮ್ಮ ಎದ್ದು ಗೋಡೆ ಹಿಡಿದು ಹಾಲಿಗೆ ಬಂದು ಸೋಫಾದಲ್ಲಿ ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಹಾಲಿನಲ್ಲಿ ಕೂತದ್ದು. ಗುಂಡನ ಹರಿದ ಕಾಲುಚೀಲ ಸೋಫಾದ ಸಂದಿಯಲ್ಲಿತ್ತು. ಅದನ್ನು ತೆಗೆದು ತೊಡೆಯ ಮೇಲೆ ಹರಡಿ ನೀವುತ್ತಾ ಕೂತಳು.

ಊಟದ ಹೊತ್ತಿಗೆ ನಿಮ್ಮಪ್ಪನೇ ಕರೆ ಮಾಡಿದ. ಆತ ಆಗ ಮರಳಿ ಬಂದು ಚಹಾ ಕುಡಿಯುತ್ತಿದ್ದ, ಓಟಿಪಿ ಇನ್ನೊಮ್ಮೆ ಕಳಿಸಿದ.

'ಏನವ್ವ, ಇಷ್ಟೊಂದ್ಸಲ ಮಾಡಿದ್ದೀಯ? ಅವಳಿಗೇನಾಯ್ತು?'

'ಏನಾಗಿಲ್ಲ. ಡಬ್ಬಿ ಕೆಟ್ಟಿದೆ. ನಿನ್ನ ಫೋನಿಗೆ ನಂಬರು ಬಂದಿದೆಯಂತೆ, ಹೇಳು.'

ಆಚೆ ಕಡೆ ಕ್ಯಾಂಟೀನಿನ ತಟ್ಟೆಗಳ ಸದ್ದು. 'ಹೆಂಗೆ ಕೆಟ್ತು?'

'ನಾನೇ ಕೆಡಿಸಿದೆ.'

'ಅವ್ವ. ಗೊತ್ತಿದ್ದೂ ಗೊತ್ತಿದ್ದೂ...'

'ನಿಮ್ಮಪ್ಪ ನನ್ನ ಹತ್ರ ಒಂದು ಹಿಡಿ ಮಂಡಕ್ಕಿ ಕೇಳಿದ್ರು ಕಣೋ. ನಾನು ಗಂಜಿ ಕೊಟ್ಟೆ. ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.'

ಅವನು ನಂಬರು ಕೊಡದಿದ್ದರೆ ನಾನು ಏನು ಮಾಡಲೂ ಆಗುತ್ತಿರಲಿಲ್ಲ. ಕೀಲಿ ಅವನ ಕೈಯಲ್ಲೇ ಇತ್ತು. ತಟ್ಟೆಗಳ ಸದ್ದು ಕಡಿಮೆಯಾಯಿತು, ಎದ್ದು ಹೊರಗೆ ಬಂದನೆಂದು ಕಾಣುತ್ತದೆ. ಆಮೇಲೆ ಒಂದೊಂದೇ ಅಂಕಿ ಹೇಳಿದ. ನಾನು ಜೋರಾಗಿ ತಿರುಗಿ ಹೇಳಿದೆ, ಆತ ಒತ್ತಿಕೊಂಡ. ಅವನ ದನಿ ಮಗ್ಗಿ ಮರೆತು ಮೇಷ್ಟರ ಮುಂದೆ ನಿಂತ ಹುಡುಗನ ದನಿಯ ಹಾಗಿತ್ತು.

ದೀಪಗಳು ಹಸಿರಾದವು. 'ಬೀಗ ಮತ್ತೆ ಹಾಕ್ಬೇಕಾ ಅಮ್ಮ?' ಎಂದ ಆತ. ನಿಮ್ಮಮ್ಮ ಸೋಫಾದಿಂದ, 'ಬೇಡ ಅಣ್ಣ, ಸಾಕು' ಎಂದಳು.

ಆತ ಹೋದ ಮೇಲೆ ಅವಳು ಓದಿದಳು. ಇಂಗ್ಲಿಷಿನಲ್ಲಿ ಇತ್ತು, ನನಗೆ ತಿಳಿಯುವಂಥದ್ದಲ್ಲ. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಗಿ ಒಂದು ಕಡೆ ನಿಂತಿತು.

'ಅವರಿಗೆ ಯಾವಾಗಿಂದ ಗೊತ್ತು?'

'ಸ್ಕ್ಯಾನ್ ಆದ ದಿನದಿಂದ.'

'ಅಷ್ಟು ದಿನ ಒಬ್ರೇ ಇಟ್ಕೊಂಡಿದ್ರಾ' ಎಂದಳು. ಸಿಟ್ಟೋ ಕನಿಕರವೋ ನನಗೆ ತಿಳಿಯಲಿಲ್ಲ. ಎದ್ದು ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಸಾರು ತಣ್ಣಗಾಯಿತು. ನಾನು ಬಾಗಿಲಲ್ಲಿ ಕೂತಿದ್ದೆ. ಬೊಮ್ಮಸಂದ್ರದ ಕಡೆಯಿಂದ ಗಾಳಿ ಬೀಸಿದಾಗ ಬರುವ ಆ ಔಷಧಿ ವಾಸನೆ ಮನೆ ತುಂಬಿತ್ತು. ನೀವು ಬರುವ ಹೊತ್ತು ಹತ್ತಿರವಾದಾಗ, ತಿರುಗದೆಯೇ ಹೇಳಿದಳು: 'ಅತ್ತೆ, ಆ ಕೋಲು ತೆಗೆದು ಬಾಲ್ಕನಿಗೆ ಹಾಕಿಬಿಡಿ.'

ಆವತ್ತು ನೀವು ಬಂದದ್ದು ನಿಮಗೆ ನೆನಪಿರಬೇಕು. ಗುಂಡ ಓಡಿಬಂದು ಗೆರೆಯ ಮೇಲೆ ಹೆಬ್ಬೆರಳಿಟ್ಟು ನಿಂತ. 'ಬಾರೋ' ಎಂದಳು. ಅವನು ನನ್ನ ಮುಖ ನೋಡಿದ. 'ಅಜ್ಜಿ ಬಯ್ತಾರೆ' ಎಂದ. 'ಅಜ್ಜಿನೇ ಬಿಟ್ಟಿರೋದು, ಬಾ' ಎಂದಳು. ಪುಟ್ಟಿ 'ನಾನು ಕೈಕಾಲು ತೊಳ್ಕೊಂಡು ಬರ್ತೀನಿ' ಎನ್ನುವಷ್ಟರಲ್ಲಿ ಅವನು ಶೂ ಸಮೇತ ಮಂಚ ಹತ್ತಿದ್ದ.

ಸಂಜೆ ನಿಮ್ಮಪ್ಪ ಬುತ್ತಿಚೀಲ ಹಿಡಿದು ಕೋಣೆಯ ಬಾಗಿಲಿಗೆ ಬಂದು ನಿಂತ, ಒಳಗೆ ಹೋಗಲಾರದೆ. ನೀವಿಬ್ಬರೂ ಅವಳ ಎರಡು ಕಡೆ ನಿದ್ದೆ ಹೋಗಿದ್ದಿರಿ. ಅವಳು ಅವನನ್ನು ನೋಡಿ, 'ನೆಟ್ ಸರಿಹೋಯ್ತು ಕಣ್ರೀ' ಎಂದಳು. ಅವನು ಹೊಸ್ತಿಲ ಮೇಲೆಯೇ ಕೂತ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡೆ, ಅವರ ಮಾತು ನನ್ನ ಕಿವಿಗೆ ಬೀಳದಿರಲಿ ಎಂದು.

ಆಮೇಲಿನ ದಿನಗಳೆಲ್ಲ ಚೆನ್ನಾಗಿದ್ದವು ಎಂದು ಬರೆದರೆ ಸುಳ್ಳು. ಕೆಲವು ದಿನ ಅವಳು ಅನ್ನ ಮುಟ್ಟಲಿಲ್ಲ. ಒಂದು ದಿನ ಬಟ್ಟಲು ಎಸೆದಳು. ಇನ್ನೊಂದು ದಿನ ನೋವು ಹೆಚ್ಚಾದಾಗ ನನ್ನ ಕೈ ಹಿಡಿದು, 'ಯಾಕೆ ಒತ್ತಿದ್ರಿ ಅತ್ತೆ? ಎಣಿಸ್ಕೊಂಡು ಇದ್ದೆನಲ್ಲ, ಇರ್ತಿದ್ದೆ' ಎಂದಳು. ನಾನು ಅವಳ ಬೆನ್ನು ನೀವಿದೆ. ಆದರೆ ಅದೇ ಸಂಜೆ ನೀವು ಶಾಲೆಯಿಂದ ಬರುವ ಹೊತ್ತಿಗೆ, ದಿಂಬು ಒರಗಿಸಿ ಕೂರಿಸಿ ಎಂದಳು. ಪುಟ್ಟಿ, ನಿನಗೆ ಎರಡು ಜಡೆ ಹೆಣೆಯುವುದನ್ನು, ಬೇರೆಯವರ ಸಹಾಯವಿಲ್ಲದೆ ಬೈತಲೆ ನೇರ ತೆಗೆಯುವುದನ್ನು ಅವಳು ಕಲಿಸಿದ್ದು ಆ ವಾರಗಳಲ್ಲಿ. ತನ್ನ ತಲೆಯಲ್ಲಿ ಹೆಣೆಯುವಷ್ಟು ಕೂದಲಿಲ್ಲ ಎಂದು ನನ್ನ ನರೆತ ಜಡೆಯನ್ನು ಬಿಚ್ಚಿಸಿ ಅದರ ಮೇಲೆ ಕಲಿಸಿದಳು. ನೀನು ಎಳೆದ ಎಳೆತಕ್ಕೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ನೀವಿಬ್ಬರೂ ನಗುತ್ತಿದ್ದಿರಿ. ಗುಂಡ, ನೀನು ಅವಳ ಮೇಲೇ ಬಿದ್ದುಕೊಂಡು ಮಲಗುತ್ತಿದ್ದೆ. ನೋವಾಗುತ್ತಿತ್ತು. ಎತ್ತಲು ಹೋದರೆ ಅವಳು ಬಿಡುತ್ತಿರಲಿಲ್ಲ. 'ಮಾತು ಕೊಟ್ಟಿದೀನಿ' ಎನ್ನುತ್ತಿದ್ದಳು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆಯೇ ಹೋದಳು. ಅವಳು ಎಣಿಸುತ್ತಿದ್ದ ಆ ಒಂದು ತಿಂಗಳು ಇನ್ನೂ ಪೂರ್ತಿ ಮುಗಿದಿರಲಿಲ್ಲ.

ಡಬ್ಬಿ ಮುಟ್ಟದೇ ಇದ್ದಿದ್ದರೆ ಇನ್ನೊಂದಿಷ್ಟು ದಿನ ಇರುತ್ತಿದ್ದಳೋ ಏನೋ, ಹೇಳುವವರು ಹೇಳಲಿ. ಇರಬಹುದು. ಇದ್ದಿದ್ದರೆ ಆ ದಿನಗಳಲ್ಲೂ ನೀವು ಹೊಸ್ತಿಲಾಚೆಯೇ ನಿಂತಿರುತ್ತಿದ್ದಿರಿ, ಅವಳ ಕೈಯಲ್ಲಿ ಕೋಲು ಇರುತ್ತಿತ್ತು. ನಿಮ್ಮಪ್ಪನ ಮೇಲೆ ಸಿಟ್ಟು ಮಾಡಬೇಡಿ. ಅವನು ಮುಚ್ಚಿಟ್ಟದ್ದು ಅವನಿಗೆ ಕಲಿಸಿದ ರೀತಿ. ಕೊನೆಗೆ ಅಂಕಿ ಹೇಳಿದವನೂ ಅವನೇ.

ಆ ಡಬ್ಬಿ ಈಗಲೂ ದೇವರ ಗೂಡಿನ ಪಕ್ಕದಲ್ಲಿದೆ. ಈ ವರ್ಷ ಆಯುಧಪೂಜೆಯಲ್ಲಿ ವಿಭೂತಿ ಹಚ್ಚಲು ಕೈ ಏಳಲಿಲ್ಲ, ಪುಟ್ಟಿ ಹಚ್ಚಿದಳು.

ಈ ಹಾಳೆಗಳನ್ನು ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡು ಕಾಗದ ಬಿಸಾಡಬೇಡಿ. ಫೋನು ಬದಲಾಗುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ. ನಿಮ್ಮಮ್ಮನ ಹಸಿರು ಇಳಕಲ್ ಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ಜೊತೆಗೆ ಇಡಿ, ನೀರು ಹುಳ ಮುಟ್ಟದ ಹಾಗೆ. ಕಪಾಟಿಗೆ ಬೀಗ ಹಾಕಬೇಡಿ. ನಿಮ್ಮಪ್ಪ ಎಂದಾದರೂ ತೆಗೆದು ಓದಿದರೆ ಓದಲಿ.